ನಲವತ್ತೊಂದನೇ ನಿಮಿಷ

ಮಲಾಕಿ ಸಾಯುವುದು ಮೂರನೇ ಕಂತಿನ
ನಲವತ್ತೊಂದನೇ ನಿಮಿಷಕ್ಕೆ.
ಪ್ರತಿ ಜನವರಿ, ಪೋರ್ಟಫೆರಿಯ ಡರ್ವ್ಲಾಳ ಮನೆಯಲ್ಲಿ,
ಸಾಯುವವನೇ ರಿಮೋಟು ಹಿಡಿದು ಕೂತು
'ತಡೀರಿ, ತಡೀರಿ, ಈಗ' ಎನ್ನುತ್ತಾನೆ.
ನಿಲ್ಲಿಸುತ್ತಾನೆ.
ಪರದೆಯ ಎಡಮೂಲೆ, ಕುದುರೆಯ ಬಾಲದಾಚೆ
ಒಂದು ಕಿವಿ, ಅರ್ಧ ಹೆಗಲು,
ಕೆಸರಿಗೆ ಮುಖ ಮಾಡಿ ಬೀಳುತ್ತಿರುವ ಬೆನ್ನು.
ನಾವು ಚಪ್ಪಾಳೆ ತಟ್ಟುತ್ತೇವೆ.
ಎಂಬತ್ತೆರಡರ ಅವನಮ್ಮ ಮಾತ್ರ
ಶಿಲುಬೆಯ ಗುರುತು ಹಾಕಿಕೊಂಡು
'ಆ ಒದ್ದೆ ನೆಲದಲ್ಲಿ ಎಷ್ಟು ಹೊತ್ತು ಮಲಗಿಸಿದರೋ' ಎನ್ನುತ್ತಾಳೆ.

ಒಂಬತ್ತು ಗಂಟೆ, ಅಮ್ಮಾ. ಮಧ್ಯೆ ಸೂಪು ಕೊಟ್ಟರು.
ದಿನಕ್ಕೆ ನೂರು ಪೌಂಡು.

ಆ ವರ್ಷ ನಮ್ಮ ಕೊಲ್ಲಿಯ ದಂಡೆಗೆ
ಲಾರಿಗಳಲ್ಲಿ ಬಂದಿಳಿದಿತ್ತು ಒಂದು ರಾಜ್ಯ.
ಥರ್ಮೋಕೋಲಿನ ಕೋಟೆ,
ಬೆರಳಲ್ಲಿ ಒತ್ತಿದರೆ ಕಲ್ಲು ತಗ್ಗುತ್ತಿತ್ತು.
ಬಟ್ಟೆ ಹಂಚುವ ಹುಡುಗಿ ಲಂಡನ್ನಿನವಳು, ಏನೂ ಅರಿಯದವಳು,
ಎತ್ತರ ನೋಡಿ ಎಸೆದಳು ಮೇಲಂಗಿ:
ಮಲಾಕಿಗೆ ಕಿತ್ತಳೆ, ವೆಸ್ಲಿಗೆ ಹಸಿರು.
ಬಸ್ಸಿನಲ್ಲಿ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ.
ಫುಟ್‌ಪಾತಿನ ಅಂಚಿಗೂ ಬಣ್ಣ ಬಳಿದು
ಇದು ನಮ್ಮದು, ಅದು ನಿಮ್ಮದು ಎನ್ನುವ ಸೀಮೆ ಇದು.
ವೆಸ್ಲಿ ಕಿಟಕಿಗಾಜಿನಲ್ಲಿ ತನ್ನನ್ನೇ ನೋಡಿಕೊಂಡು
'ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ' ಅಂದ.
'ಬರಲಿ' ಅಂದ ಮಲಾಕಿ, 'ಜನ ಸಾಲದು ಅಂತಿದ್ದಾರೆ.'
ಆ ಮಧ್ಯಾಹ್ನ ಹಸಿರು ವೆಸ್ಲಿ
ಕಿತ್ತಳೆ ಮಲಾಕಿಯನ್ನು ರಬ್ಬರ್ ಕೊಡಲಿಯಲ್ಲಿ
ಹದಿನಾಲ್ಕು ಸಲ ಕೊಂದ.
ಹದಿನೈದನೆಯದಕ್ಕೆ ಬೆಳಕು ಹೋಯಿತು.

ನಾನು ಪುಸ್ತಕದ ಪಕ್ಷ. ಆರುನೂರ ಹನ್ನೆರಡು ಪುಟ,
ನಡುವೆ ಈಗಲೂ ದೋಣಿಯ ಹಳೇ ಟಿಕೆಟು.
ಪುಸ್ತಕದಲ್ಲಿ ಉಪ್ಪುನೀರಿನ ಮುದುಕಿ
ನಲವತ್ತು ಪುಟ ಮಾತಾಡುತ್ತಾಳೆ;
ಇವರು ಅವಳಿಗೆ ಕೊಟ್ಟದ್ದು ಒಂದು ಓರೆನೋಟ,
ಮೇಲೊಂದಿಷ್ಟು ಹೊಗೆ.
ಇದಕ್ಕಾಗಿ ಮೊದಲ ವರ್ಷ ಡರ್ವ್ಲಾಳ ಜೊತೆ
ಈಸ್ಟರ್ ತನಕ ಮಾತು ಬಿಟ್ಟಿದ್ದೆ.
'ಆ ನೋಟದಲ್ಲಿ ನಲವತ್ತು ಪುಟವೂ ಇದೆ ಕಣೇ' ಅಂದಿದ್ದಳು.
ಇಲ್ಲ. ಹತ್ತು ಇರಬಹುದು.
ಈಗೀಗ ಹನ್ನೆರಡಕ್ಕೆ ಒಪ್ಪಿದ್ದೇನೆ.

ಆಗೆಲ್ಲ ನಾವು ಖಡ್ಗದ ಹುಡುಗನ ಕಡೆ.
ಈಗ ಅವನು ಶಪಥಕ್ಕೆ ಬಾಯಿ ತೆರೆದರೆ ರೋಷೀನ್
'ಯಾರಾದರೂ ಇವನಿಗೊಂದು ಸ್ವೆಟರ್ ಕೊಡಿ' ಎನ್ನುತ್ತಾಳೆ.
ನಾವು ಬೈದು ಬೈದು ಗಂಟಲು ಕಟ್ಟಿಸಿಕೊಂಡಿದ್ದ ಬೂದಿರಾಣಿ
ಸುಂಕದ ಲೆಕ್ಕ ಕೇಳುವಾಗ
ಪುರಸಭೆಯಲ್ಲಿ ಇಪ್ಪತ್ತು ವರ್ಷ ಸವೆದ ಡರ್ವ್ಲಾ
ನಿಧಾನ ತಲೆದೂಗುತ್ತಾಳೆ: 'ಸರಿಯಾಗೇ ಕೇಳ್ತಿದ್ದಾಳೆ.'

ನಾನೋ, ಈ ಸಲ ಅಡುಗೆಮನೆಯ ದೃಶ್ಯದಲ್ಲಿ
ಪಿಸುಗುಟ್ಟಿ ಸಂಚು ಹೂಡುವವರನ್ನು ಬಿಟ್ಟು
ಹಿಂದೆ ಈರುಳ್ಳಿ ಸುಲಿಯುವವಳನ್ನೇ ನೋಡಿದೆ.
ಒಮ್ಮೆಯೂ ತಲೆ ಎತ್ತುವುದಿಲ್ಲ.
ಮೊಣಕೈಯಲ್ಲಿ ಕಣ್ಣೊರೆಸಿ ಮುಂದಿನದನ್ನು ಎತ್ತಿಕೊಳ್ಳುತ್ತಾಳೆ.
ಮನೆಗೆ ಹೋಗಿ ಪುಸ್ತಕ ತಿರುವಿದೆ. ಅವಳಿಲ್ಲ.
ರಾಜ್ಯ ಮುರಿದು ಬೀಳುವ ಆ ರಾತ್ರಿ
ಅಷ್ಟು ಜನಕ್ಕೆ ಬೇಯಿಸುವವರು ಯಾರೆಂದು
ಆರುನೂರ ಹನ್ನೆರಡು ಪುಟಕ್ಕೂ ಹೊಳೆದಿರಲಿಲ್ಲ.
ಡರ್ವ್ಲಾಗೆ ಇನ್ನೂ ಹೇಳಿಲ್ಲ. ಗೆದ್ದೆ ಎಂದುಕೊಂಡಾಳು.

ಅದಕ್ಕೂ ಮೊದಲು, ಮೂರನೇ ಕಂತಿನ ರಾತ್ರಿ,
ಬಿರುಗಾಳಿಗೆ ದೋಣಿ ನಿಂತಿತ್ತು.
ಆಚೆ ದಡದಲ್ಲಿ ವೆಸ್ಲಿ, ಈಚೆ ದಡದಲ್ಲಿ ನಾವು,
ನಡುವೆ ಕುದಿಯುವ ಅರ್ಧ ಮೈಲಿ ಕಪ್ಪುನೀರು.
ಕೊಲ್ಲುವವನಿಲ್ಲದೆ ಸಾಯುವುದು ಹೇಗೆ?
ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಒರಗಿಸಿ
ಒಂದು, ಎರಡು, ಮೂರು ಎಂದು
ಎರಡೂ ದಡದಲ್ಲಿ ಒಟ್ಟಿಗೆ ಗುಂಡಿ ಒತ್ತಿದೆವು.
ಆದರೂ ಅವನದು ಎರಡು ಸೆಕೆಂಡು ಹಿಂದೆ.

ಮಲಾಕಿ ಇಲ್ಲಿ ಸತ್ತ.
ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ
ಫೋನಿನೊಳಗೆ ಅದೇ ಕುದುರೆ, ಅದೇ ಕೂಗು;
ಅಲ್ಲೂ ಸತ್ತ.
ನೀರಿನಾಚೆಯಿಂದ ವೆಸ್ಲಿಯ ನಗು ಕೇಳಿಸಿತು.
ಮುದುಕಿ ಫೋನಿನ ಹತ್ತಿರ ಬಾಗಿ, ಕಿವುಡರಿಗೆ ಹೇಳುವಂತೆ,
'ಏ ಹುಡುಗಾ' ಅಂದಳು,
'ಮುಂದಿನ ವರ್ಷ ಸ್ವಲ್ಪ ಮೆಲ್ಲಗೆ ಹೊಡಿ.'